ಕಂಪನಿ ಕೊಟ್ಟ ಯಂತ್ರ: ಮೊದಲು ಹೇಳಬೇಕಾದ್ದು ಯಾರಿಗೆ?

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ. ಮಧುಮೇಹಿಗಳ ಕಾಲಿನ ಹುಣ್ಣಿಗೆ ವ್ಯಾಕ್ ಡ್ರೆಸ್ಸಿಂಗ್ (ಗಾಯಕ್ಕೆ ಫೋಮ್ ಮುಚ್ಚಿ, ಅದರ ಸ್ರಾವವನ್ನು ಯಂತ್ರದಿಂದ ಕ್ಯಾನಿಸ್ಟರ್ ಎಂಬ ಡಬ್ಬಿಗೆ ಹೀರುವ ವಿಧಾನ) ಒಳ್ಳೆಯದೋ ಮಾಮೂಲಿ ಡ್ರೆಸ್ಸಿಂಗ್ ಸಾಕೋ ಎಂಬುದು ನನ್ನ ಪ್ರಬಂಧದ ವಿಷಯ. ಒಂದು ಕಂಪನಿ ಯಂತ್ರಗಳನ್ನೂ ಫೋಮ್, ಕ್ಯಾನಿಸ್ಟರ್‌ಗಳನ್ನೂ ಉಚಿತವಾಗಿ ಕೊಟ್ಟಿದೆ. ನಗದು ಏನೂ ಕೊಟ್ಟಿಲ್ಲ. 'ಇದು ಧನಸಹಾಯವಲ್ಲ, ಬರೆಯಬೇಕಾಗಿಲ್ಲ. ಯಂತ್ರಕ್ಕೆ ಲೈಸೆನ್ಸ್ ಇದೆ, ನೈತಿಕ ಸಮಿತಿಯ ಅನುಮತಿ ಬರೀ ಔಪಚಾರಿಕ' ಎಂದು ಕಂಪನಿಯ ಪ್ರತಿನಿಧಿ ಹೇಳುತ್ತಾರೆ. ಅಂಕಿಅಂಶಗಳ ವಿಶ್ಲೇಷಣೆಯನ್ನೂ ತಾವೇ ಮಾಡಿಸಿಕೊಡುವುದಾಗಿ ಹೇಳಿದ್ದಾರೆ. ಸಮಿತಿಯ ಪತ್ರ ಬರುವ ಮೊದಲೇ ಕೆಲವು ರೋಗಿಗಳಿಗೆ ಯಂತ್ರ ಹಾಕಿಯಾಗಿದೆ. ಲೇಖನದಲ್ಲಿ 'ಧನಸಹಾಯ: ಇಲ್ಲ' ಎಂದು ಬರೆಯಬಹುದೇ? ಆ ರೋಗಿಗಳನ್ನು ಸೇರಿಸಿಕೊಳ್ಳಬಹುದೇ? 'ಎಲ್ಲರೂ ಹೀಗೆಯೇ ಬರೆಯುತ್ತಾರೆ' ಎನ್ನುತ್ತಾರೆ ನಮ್ಮ ಗೈಡ್. ಕಂಪನಿಯ ಹೆಸರು ಹಾಕಿದರೆ ವೈದ್ಯಕೀಯ ಪತ್ರಿಕೆಗಳು ತಿರಸ್ಕರಿಸುತ್ತವೆ ಎಂಬ ಭಯ ನನಗಿದೆ.

ಉತ್ತರ: ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ: ಕೂಡದು. ಯಂತ್ರ, ಫೋಮ್, ಕ್ಯಾನಿಸ್ಟರ್ ಉಚಿತವಾಗಿ ಬಂದಿದ್ದರೆ ಅದು ನೆರವೇ, ಅದನ್ನು ಬರೆಯಲೇಬೇಕು. ಸಮಿತಿ ಒಪ್ಪುವ ಮೊದಲು ಯಂತ್ರ ಹಾಕಿಸಿಕೊಂಡ ರೋಗಿಗಳನ್ನು ಈ ಅಧ್ಯಯನದ ಲೆಕ್ಕಕ್ಕೆ ತರುವಂತಿಲ್ಲ. ಇಷ್ಟಕ್ಕೇ ಉತ್ತರ ಮುಗಿಸಬಹುದಿತ್ತು. ಆದರೆ ನಿಮ್ಮ ಪತ್ರ ಓದಿದಾಗ ನನ್ನನ್ನು ಹೆಚ್ಚು ಕಾಡಿದ್ದು ನೀವು ಕೇಳದೇ ಬಿಟ್ಟ ಪ್ರಶ್ನೆ. ಕಂಪನಿಯ ಹೆಸರನ್ನು ಪತ್ರಿಕೆಗೆ ಹೇಳಬೇಕೇ ಎಂದು ಕೇಳಿದ್ದೀರಿ. ಮುಧೋಳದಿಂದಲೋ ಜಮಖಂಡಿಯಿಂದಲೋ ಬಂದು, ಕಬ್ಬಿನ ಗದ್ದೆಯಲ್ಲಿ ಆದ ಗಾಯ ಮಾಯದೆ ನಿಮ್ಮ ವಾರ್ಡಿನಲ್ಲಿ ಮಲಗಿರುವ ರೋಗಿಗೆ ಹೇಳಬೇಕೇ ಎಂದು ಕೇಳಿಲ್ಲ. ಮೊದಲು ತಿಳಿಯಬೇಕಾದವರು ಅವರು. ಅವರ ಜೊತೆಗೇ ತಿಳಿಯಬೇಕಾದದ್ದು ನೈತಿಕ ಸಮಿತಿ. ಪತ್ರಿಕೆಯ ಸರದಿ ಬರುವುದು ಎಲ್ಲರ ನಂತರ.

ಬೆಳಗಾವಿಯಲ್ಲಿ ನೈತಿಕ ಸಮಿತಿಯ ಕೆಲಸದಲ್ಲಿರುವ ನನ್ನ ಮುಂದೆ ಬರುವ ಕಡತಗಳಲ್ಲಿ ಪದೇ ಪದೇ ಕಾಣುವ ಕೊರತೆ ಇದೇ. ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುವ ಒಂದು ಸಾಲನ್ನೇ ನಾವು ಬಹಿರಂಗಪಡಿಸುವಿಕೆ ಎಂದುಕೊಂಡಿದ್ದೇವೆ. ನಮ್ಮ ವೃತ್ತಿಯ ನಿಯಮ ಹಾಗೆ ಹೇಳುವುದಿಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳಿಗೆ 2009ರಲ್ಲಿ ಸೇರಿದ 6.8ನೇ ಭಾಗವನ್ನು ದಯವಿಟ್ಟು ಪೂರ್ತಿ ಓದಿ. ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯಬಾರದು ಎಂಬ ಮಾತು ಎಲ್ಲರಿಗೂ ಗೊತ್ತು. ಅದರ ಕೆಳಗೇ ಸಂಶೋಧನೆಯ ಬಗ್ಗೆ ಇರುವುದನ್ನು ಓದಿದವರು ಕಡಿಮೆ. ಕಂಪನಿಯ ನೆರವಿನಿಂದ ಸಂಶೋಧನೆ ಮಾಡಲು ಅಲ್ಲಿ ಅಡ್ಡಿಯಿಲ್ಲ. ಆದರೆ ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ನೆರವಿನ ಮೂಲ ಮತ್ತು ಮೊತ್ತ ಎರಡನ್ನೂ ಆರಂಭದಲ್ಲಿಯೇ ಸಾರ್ವಜನಿಕವಾಗಿ ತಿಳಿಸಬೇಕು, ಫಲಿತಾಂಶ ಪ್ರಕಟಿಸುವ ಸ್ವಾತಂತ್ರ್ಯ ವೈದ್ಯನಿಗೆ ಇದೆ ಎಂಬುದನ್ನು ಒಪ್ಪಂದದಲ್ಲಿ ಬರೆಸಬೇಕು. ಗಮನಿಸಿ, 'ಆರಂಭದಲ್ಲಿಯೇ' ಎಂದಿದೆ, 'ಮೊತ್ತ' ಎಂದೂ ಇದೆ. 2023ರಲ್ಲಿ, ಆ ಮಂಡಳಿಯ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಗಳನ್ನು ತಂದು ಅದೇ ಆಗಸ್ಟ್‌ನಲ್ಲಿ ತಡೆಹಿಡಿಯಿತು. ಹಾಗಾಗಿ 2002ರ ನಿಯಮಗಳೇ ಮತ್ತೆ ಜಾರಿಗೆ ಬಂದವು.

ರೋಗಿಯ ವಿಷಯದಲ್ಲಿ, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ಅಂತರರಾಷ್ಟ್ರೀಯ ನೀತಿಸೂತ್ರವಾದ ಹೆಲ್ಸಿಂಕಿ ಘೋಷಣೆ ಇನ್ನೂ ನೇರವಾಗಿದೆ. 1964ರಲ್ಲಿ ಹುಟ್ಟಿ, ಕೊನೆಯದಾಗಿ 2024ರ ಅಕ್ಟೋಬರ್‌ನಲ್ಲಿ ಪರಿಷ್ಕೃತವಾದ ಈ ಘೋಷಣೆ, ಅಧ್ಯಯನಕ್ಕೆ ಸೇರುವ ವ್ಯಕ್ತಿಗೆ ಉದ್ದೇಶ, ವಿಧಾನ, ಅಪಾಯಗಳ ಜೊತೆಗೆ ಹಣದ ಮೂಲವನ್ನೂ ಹಿತಾಸಕ್ತಿ ಸಂಘರ್ಷವನ್ನೂ ತಿಳಿಸಬೇಕು ಎನ್ನುತ್ತದೆ. ಇನ್ನು 'ನಗದು ಕೊಟ್ಟಿಲ್ಲ' ಎಂಬ ಪ್ರತಿನಿಧಿಯ ವಾದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ, ಅಂದರೆ ಸಿಟಿಆರ್‌ಐ ಜಾಲತಾಣದಲ್ಲಿ, ನೆರವಿನ ಮೂಲ ತುಂಬುವ ಅಂಕಣವೇ ಹಣದ ರೂಪದ ನೆರವು ಮತ್ತು ವಸ್ತು ರೂಪದ ನೆರವು ಎರಡನ್ನೂ ಕೇಳುತ್ತದೆ. ಅಲ್ಲಿ ಒಂದು ಬರೆದು ಲೇಖನದಲ್ಲಿ ಇನ್ನೊಂದು ಬರೆದರೆ, ಜಗತ್ತಿನ ಯಾವ ಮೂಲೆಯ ಓದುಗನೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ಮೊತ್ತ ಹೇಗೆ ಬರೆಯುವುದು ಎಂದು ನೀವು ಕೇಳಬಹುದು. ಯಂತ್ರಗಳೊಂದಿಗೆ ಡೆಲಿವರಿ ಚಲನ್ ಬಂದಿರಬೇಕು, ಬಂದಿಲ್ಲದಿದ್ದರೆ ಕೇಳಿ ಪಡೆಯಿರಿ. ಎಷ್ಟು ಯಂತ್ರ, ಎಷ್ಟು ಫೋಮ್, ಎಷ್ಟು ಕ್ಯಾನಿಸ್ಟರ್, ಅವುಗಳ ಮಾರುಕಟ್ಟೆ ಬೆಲೆ ಎಷ್ಟು, ಯಂತ್ರ ದಾನವೋ ಅಧ್ಯಯನ ಮುಗಿದ ಮೇಲೆ ಹಿಂದಿರುಗಿಸುವಂಥದೋ, ಇವೆಲ್ಲ ಕಾಗದದಲ್ಲಿ ಇರಲಿ. ಆಸ್ಪತ್ರೆಯ ದಾಸ್ತಾನು ಪುಸ್ತಕದಲ್ಲಿಯೂ ನಮೂದಾಗಲಿ. ಇಲ್ಲೇ ಇನ್ನೊಂದು ಮಾತು. ಉಚಿತವಾಗಿ ಬಂದ ಫೋಮಿಗೋ ಯಂತ್ರದ ಬಾಡಿಗೆಗೋ ರೋಗಿಯ ಬಿಲ್ಲಿನಲ್ಲಿ ಹಣ ಹಿಡಿದಿಲ್ಲ ಎಂಬುದನ್ನು ನೀವೇ ಬಿಲ್ಲಿಂಗ್ ವಿಭಾಗಕ್ಕೆ ಹೋಗಿ ಖಚಿತಪಡಿಸಿಕೊಳ್ಳಿ. ಸರ್ಕಾರಿ ಆರೋಗ್ಯ ಯೋಜನೆಯ ಕ್ಲೇಮಿನಲ್ಲೂ ಅದು ಸೇರಿರಬಾರದು. ಬೇಕೆಂದೇ ಮಾಡಿದ್ದಲ್ಲದಿದ್ದರೂ, ಬಿಲ್ಲಿಂಗ್‌ನವರಿಗೆ ಯಾರೂ ಹೇಳದೇ ಇದ್ದರೆ ಇಂಥದ್ದು ನಡೆದುಹೋಗುತ್ತದೆ. ಕಂಪನಿಯಿಂದ ಬಿಟ್ಟಿಯಾಗಿ ಬಂದದ್ದಕ್ಕೆ ಬಡವನಿಂದ ಹಣ ಕಟ್ಟಿಸಿಕೊಳ್ಳುವ ಅಧ್ಯಯನ ಎಷ್ಟೇ ಚೆನ್ನಾಗಿದ್ದರೂ ನಾನು ಅದರ ಪರ ನಿಲ್ಲಲಾರೆ.

ಇಷ್ಟೆಲ್ಲ ಯಾಕೆ, ನಾನು ಪ್ರಾಮಾಣಿಕವಾಗಿ ಅಳತೆ ಮಾಡಿದರೆ ಸಾಲದೇ ಎಂದು ನಿಮಗೆ ಅನ್ನಿಸಬಹುದು. ನಿಮ್ಮ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ನೀವು ಪತ್ರ ಬರೆದದ್ದೇ ಅದಕ್ಕೆ ಸಾಕ್ಷಿ. ಆದರೆ ಕಂಪನಿಯ ನೆರವು ಫಲಿತಾಂಶವನ್ನು ಹೇಗೆ ವಾಲಿಸುತ್ತದೆ ಎಂಬುದನ್ನು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಾಮರ್ಶಿಸುವ ಕಾಕ್ರನ್ ಸಂಸ್ಥೆಯ 2017ರ ಪರಾಮರ್ಶೆ ನೋಡಿ ತಿಳಿಯಬೇಕು. ಔಷಧ ಮತ್ತು ಸಾಧನಗಳ ಬಗೆಗಿನ ಅಧ್ಯಯನಗಳನ್ನು ಹೋಲಿಸಿದ 75 ಪ್ರಬಂಧಗಳನ್ನು ಅದು ಒಟ್ಟುಗೂಡಿಸಿತು. ಕಂಪನಿ ಪ್ರಾಯೋಜಿಸಿದ ಅಧ್ಯಯನಗಳಲ್ಲಿ ಅನುಕೂಲಕರ ಫಲಿತಾಂಶ ಬರುವ ಸಾಧ್ಯತೆ ಉಳಿದವುಗಳಿಗಿಂತ ಶೇ 27ರಷ್ಟು, ಅನುಕೂಲಕರ ತೀರ್ಮಾನ ಬರೆಯುವ ಸಾಧ್ಯತೆ ಶೇ 34ರಷ್ಟು ಹೆಚ್ಚಿತ್ತು. ಅಧ್ಯಯನದ ಗುಣಮಟ್ಟ ಅಳೆಯುವ ಮಾಮೂಲಿ ಮಾನದಂಡಗಳಿಂದ ಈ ವ್ಯತ್ಯಾಸವನ್ನು ವಿವರಿಸಲಾಗಲಿಲ್ಲ. ಹಾಗಾದರೆ ವಾಲುವುದು ಎಲ್ಲಿ? ಯಾವುದರೊಡನೆ ಹೋಲಿಸುತ್ತೇವೆ, ಯಾವ ದಿನದ ಅಳತೆಯನ್ನು ಮುಖ್ಯ ಎನ್ನುತ್ತೇವೆ, ಯಾವುದನ್ನು ಬರೆಯದೇ ಬಿಡುತ್ತೇವೆ ಎಂಬಲ್ಲಿ. ಇವು ಪ್ರಾಮಾಣಿಕ ವ್ಯಕ್ತಿಯ ಕಣ್ಣನ್ನೂ ತಪ್ಪಿಸಿ ನಡೆಯುವಂಥವು. ಆದ್ದರಿಂದಲೇ ಓದುಗನಿಗೆ ಮೂಲ ತಿಳಿದಿರಬೇಕು.

ಅದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೆನ್ನುಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಇನ್‌ಫ್ಯೂಸ್ ಎಂಬ ಮೆಡ್‌ಟ್ರಾನಿಕ್ ಕಂಪನಿಯ ಉತ್ಪನ್ನದ ಕಥೆ ನೋಡಿ. ಕಂಪನಿಯ ಪ್ರಾಯೋಜಕತ್ವದ 13 ಮೂಲ ಲೇಖನಗಳಲ್ಲಿ, 780 ರೋಗಿಗಳಲ್ಲಿ, ಆ ಉತ್ಪನ್ನದಿಂದಾದ ಒಂದೇ ಒಂದು ಅಡ್ಡಪರಿಣಾಮವೂ ದಾಖಲಾಗಿರಲಿಲ್ಲ. 2011ರಲ್ಲಿ ದಿ ಸ್ಪೈನ್ ಜರ್ನಲ್ ಪತ್ರಿಕೆ ಪ್ರಕಟಿಸಿದ ಮರುಪರಿಶೀಲನೆ, ನಿಜವಾದ ಅಪಾಯ ಆ ಲೇಖನಗಳ ಅಂದಾಜಿಗಿಂತ 10ರಿಂದ 50 ಪಟ್ಟು ಹೆಚ್ಚು ಎಂದಿತು. ಮರುವರ್ಷ ಅಮೆರಿಕದ ಸೆನೆಟ್ ಹಣಕಾಸು ಸಮಿತಿಯ ವರದಿ ಬಂತು. 1996ರಿಂದ 2010ರವರೆಗೆ ಆ ಲೇಖಕ ವೈದ್ಯರಿಗೆ ಕಂಪನಿಯಿಂದ ಸುಮಾರು 21 ಕೋಟಿ ಡಾಲರ್ ಸಂದಾಯವಾಗಿತ್ತು. ಲೇಖನಗಳ ಕರಡನ್ನು ಕಂಪನಿಯ ನೌಕರರು ತಿದ್ದಿದ್ದರು, ಅದು ಲೇಖನಗಳಲ್ಲಿ ಎಲ್ಲಿಯೂ ಕಾಣಿಸಿರಲಿಲ್ಲ. ನಿಮಗೆ ಬಂದಿರುವ ಫೋಮಿಗೂ 21 ಕೋಟಿ ಡಾಲರಿಗೂ ಹೋಲಿಕೆಯಿಲ್ಲ, ನಿಜ. ಆದರೆ 'ವಿಶ್ಲೇಷಣೆ ನಾವೇ ಮಾಡಿಸಿಕೊಡುತ್ತೇವೆ' ಎಂಬ ಮಾತು ಕೇಳಿದ ಕೂಡಲೇ ನನಗೆ ನೆನಪಾಗುವುದು ಇದೇ.

ಈಗ ನಿಮ್ಮದೇ ವಿಷಯಕ್ಕೆ ಬರೋಣ. ವ್ಯಾಕ್ ಡ್ರೆಸ್ಸಿಂಗ್ ಪರವಾಗಿ ಎಲ್ಲರೂ ಉಲ್ಲೇಖಿಸುವ ಅಧ್ಯಯನ 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಪಾದದ ಒಂದು ಭಾಗ ಕತ್ತರಿಸಿದ 162 ಮಧುಮೇಹಿಗಳಲ್ಲಿ ಯಂತ್ರ ಹಾಕಿದವರ ಪೈಕಿ ಶೇ 56, ಉಳಿದವರ ಪೈಕಿ ಶೇ 39 ಜನರ ಗಾಯ ಮಾಯಿತು. ಹಣ ಕೊಟ್ಟದ್ದು ಯಂತ್ರ ತಯಾರಿಸುವ ಕೆಸಿಐ. 2020ರಲ್ಲಿ ಜರ್ಮನಿಯಿಂದ 368 ರೋಗಿಗಳ ಇನ್ನೊಂದು ಅಧ್ಯಯನ ಬಂತು. ಕೆಸಿಐ ಮತ್ತು ಸ್ಮಿತ್ ಅಂಡ್ ನೆಫ್ಯೂ ಎಂಬ ಇಬ್ಬರು ತಯಾರಕರೂ ಅದಕ್ಕೆ ಹಣ ಕೊಟ್ಟಿದ್ದರು. 16 ವಾರಗಳಲ್ಲಿ ಗಾಯ ಮುಚ್ಚುವುದರಲ್ಲಿ ಯಂತ್ರ ಮೇಲು ಎಂದು ಅಲ್ಲಿ ಸಾಬೀತಾಗಲಿಲ್ಲ, ಅದನ್ನು ಅವರು ಹಾಗೆಯೇ ಪ್ರಕಟಿಸಿದರು. ಎರಡೂ ಕಡೆ ಹಣದ ಮೂಲ ಲೇಖನದಲ್ಲಿಯೇ ಇದೆ. ಜರ್ಮನಿಯ ಅಧ್ಯಯನದ ತೂಕ ಅದರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ: ತಯಾರಕರೇ ಹಣ ಕೊಟ್ಟರೂ ತಯಾರಕರಿಗೆ ಅನುಕೂಲವಲ್ಲದ ಉತ್ತರ ಬಂದಿದೆ ಎಂದು ಓದುಗ ತಾನೇ ತಿಳಿದುಕೊಳ್ಳುತ್ತಾನೆ. ಮೂಲ ಮುಚ್ಚಿಟ್ಟಿದ್ದರೆ ಆ ಗೌರವ ಅದಕ್ಕೆ ಸಿಗುತ್ತಿರಲಿಲ್ಲ. ಪತ್ರಿಕೆಗಳು ತಿರಸ್ಕರಿಸುತ್ತವೆ ಎಂಬ ನಿಮ್ಮ ಭಯಕ್ಕೂ ಇದೇ ಉತ್ತರ. ಜಗತ್ತಿನ ಅತ್ಯುತ್ತಮ ಪತ್ರಿಕೆಗಳು ಕಂಪನಿ ನೆರವಿನ ಅಧ್ಯಯನಗಳನ್ನು ಪ್ರಕಟಿಸುತ್ತಲೇ ಇವೆ. ಅವು ಹಿಂತೆಗೆದುಕೊಳ್ಳುವುದು ಮುಚ್ಚಿಟ್ಟದ್ದು ಬಯಲಾದಾಗ.

ಲೈಸೆನ್ಸ್ ಇದ್ದರೆ ಸಮಿತಿಯ ಒಪ್ಪಿಗೆ ಔಪಚಾರಿಕ ಎಂಬ ಮಾತು ಅರ್ಧ ಸತ್ಯವನ್ನು ತಿರುಚಿದ್ದು. 2018ರ ಜನವರಿ 1ರಿಂದ ಜಾರಿಯಲ್ಲಿರುವ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ, ಲೈಸೆನ್ಸ್ ಇರುವ ಸಾಧನದ ಮೇಲೆ ಶೈಕ್ಷಣಿಕ ಅಧ್ಯಯನ ಮಾಡಲು ಔಷಧ, ಸಾಧನಗಳಿಗೆ ಲೈಸೆನ್ಸ್ ಕೊಡುವ ದೆಹಲಿಯ ಕೇಂದ್ರ ಪ್ರಾಧಿಕಾರದ ಅನುಮತಿ ಬೇಕಾಗಿಲ್ಲ. ಆದರೆ ಆ ವಿನಾಯಿತಿಗೆ ಎರಡು ಷರತ್ತುಗಳಿವೆ, ಮೊದಲನೆಯದೇ ನೈತಿಕ ಸಮಿತಿಯ ಒಪ್ಪಿಗೆ. ಎರಡನೆಯದು, ಆ ಮಾಹಿತಿಯನ್ನು ಮಾರಾಟದ ಅನುಮತಿ ಪಡೆಯಲು ಪ್ರಾಧಿಕಾರಕ್ಕೆ ಸಲ್ಲಿಸುವಂತಿಲ್ಲ. ಎಂದರೆ ಲೈಸೆನ್ಸ್ ಇರುವುದರಿಂದ ಸಮಿತಿಯ ಜವಾಬ್ದಾರಿ ಹೆಚ್ಚುತ್ತದೆ, ಏಕೆಂದರೆ ನಿಮ್ಮ ರೋಗಿಯ ಪರವಾಗಿ ಯೋಜನೆಯನ್ನು ಪರಿಶೀಲಿಸುವವರು ಅವರನ್ನು ಬಿಟ್ಟರೆ ಯಾರೂ ಇಲ್ಲ. ಈ ಯಂತ್ರದ ಲೈಸೆನ್ಸ್ ಯಾವ ಬಳಕೆಗೆ ಸಿಕ್ಕಿದೆ, ನಮ್ಮ ಮಾಹಿತಿಯನ್ನು ಹೊಸ ಬಳಕೆಗೋ ಹೊಸ ವಿನ್ಯಾಸಕ್ಕೋ ಅನುಮತಿ ಕೇಳಲು ಉಪಯೋಗಿಸುವ ಉದ್ದೇಶವಿದೆಯೇ ಎಂದು ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ. 'ಹೌದು' ಎಂದು ಬಂದರೆ ದಾರಿಯೇ ಬೇರೆ: ಆ ಪ್ರಾಧಿಕಾರಕ್ಕೆ ಎಂಡಿ-22 ನಮೂನೆಯಲ್ಲಿ ಅರ್ಜಿ ಹಾಕಿ ಎಂಡಿ-23 ಅನುಮತಿ ಬರುವವರೆಗೆ ಕಾಯಬೇಕು.

ಅಪಾಯವೇನೂ ಇಲ್ಲದ ಯಂತ್ರ ಎಂದೂ ನಿಮ್ಮ ಸಿನಾಪ್ಸಿಸ್‌ನಲ್ಲಿ (ಅಧ್ಯಯನ ಯೋಜನೆಯ ಸಾರಾಂಶದಲ್ಲಿ) ಬರೆಯಬೇಡಿ. ಅಮೆರಿಕದ ಔಷಧ, ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009 ಮತ್ತು 2011ರಲ್ಲಿ ಈ ಬಗೆಯ ಯಂತ್ರಗಳ ಬಗ್ಗೆಯೇ ಎಚ್ಚರಿಕೆ ನೀಡಿತು. 2007ರಿಂದ ಅದಕ್ಕೆ 12 ಸಾವು, 174 ಗಾಯಗಳ ವರದಿಗಳು ಬಂದಿದ್ದವು. ಅತ್ಯಂತ ಗಂಭೀರವಾದದ್ದು ರಕ್ತಸ್ರಾವ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹೃದ್ರೋಗಿ, ರಕ್ತನಾಳ ತೆರೆದುಕೊಂಡಿರುವ ಗಾಯ, ಇಂಥವರನ್ನು ಹೇಗೆ ಹೊರಗಿಡುತ್ತೀರಿ, ರಾತ್ರಿ ಪಾಳಿಯಲ್ಲಿ ಕ್ಯಾನಿಸ್ಟರ್ ತುಂಬ ರಕ್ತ ಕಂಡರೆ ನರ್ಸ್ ಯಾರನ್ನು ಕರೆಯಬೇಕು ಎಂದು ಸಮಿತಿ ಕೇಳುತ್ತದೆ. ಕೇಳದಿದ್ದರೆ ಅದು ಸಮಿತಿಯೇ ಅಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಸಮಿತಿಯಲ್ಲಿ ಕನಿಷ್ಠ 7 ಜನರಿರಬೇಕು, ಅರ್ಧದಷ್ಟಾದರೂ ಹೊರಗಿನವರಾಗಿರಬೇಕು, ವೈದ್ಯಕೀಯ ಗೊತ್ತಿಲ್ಲದ ಸಾಮಾನ್ಯ ವ್ಯಕ್ತಿಯೊಬ್ಬರು ಇರಲೇಬೇಕು. ನನ್ನ ಅನುಭವದಲ್ಲಿ ಅತಿ ಉಪಯುಕ್ತ ಪ್ರಶ್ನೆಗಳು ಆ ಸಾಮಾನ್ಯ ಸದಸ್ಯರಿಂದಲೇ ಬರುತ್ತವೆ: 'ಅಧ್ಯಯನ ಮುಗಿದ ದಿನ ಗಾಯ ಅರ್ಧ ಮಾಯಿದ್ದರೆ ಯಂತ್ರ ಕಿತ್ತುಕೊಂಡು ಹೋಗುತ್ತೀರಾ?' ಇದಕ್ಕೆ ನಿಮ್ಮ ಬಳಿ ಉತ್ತರವಿದೆಯೇ?

ಪತ್ರ ಬರುವ ಮೊದಲು ಯಂತ್ರ ಹಾಕಿಸಿಕೊಂಡವರ ವಿಷಯ ಸ್ವಲ್ಪ ಸೂಕ್ಷ್ಮ. ಆಗಿಹೋದದ್ದಕ್ಕೆ ಸಮಿತಿ ಹಿಂದಿನ ದಿನಾಂಕದಿಂದ ಒಪ್ಪಿಗೆ ಕೊಡಲಾರದು. 2018ರ ಏಪ್ರಿಲ್ 1ರಿಂದ ಸಿಟಿಆರ್‌ಐ ಕೂಡ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಾಯಿಸಿದ ಅಧ್ಯಯನಗಳನ್ನು ಮಾತ್ರ ಸ್ವೀಕರಿಸುತ್ತದೆ. ಹಾಗಾದರೆ ಆ ರೋಗಿಗಳಿಗೆ ಯಂತ್ರ ಹಾಕಿದ್ದು ಯಾಕೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಅವರ ಗಾಯ ನೋಡಿ ಚಿಕಿತ್ಸೆಯ ಭಾಗವಾಗಿ ನಿಮ್ಮ ಘಟಕದ ಹಿರಿಯರು ತೀರ್ಮಾನಿಸಿದ್ದರೆ, ಅದು ಚಿಕಿತ್ಸೆ. ಆ ಕೇಸ್ ಶೀಟುಗಳನ್ನು ಮುಂದೆ ಹಳೆಯ ದಾಖಲೆಗಳ ಪ್ರತ್ಯೇಕ ಅಧ್ಯಯನವಾಗಿ ನೋಡಲು ಸಮಿತಿಯನ್ನು ಕೇಳಬಹುದು. ಯಾರಿಗೆ ಯಂತ್ರ, ಯಾರಿಗೆ ಬೇಡ ಎಂದು ಚೀಟಿ ಎತ್ತಿ ಹಂಚಿದ್ದರೆ ಅದು ಒಪ್ಪಿಗೆಯಿಲ್ಲದ ಸಂಶೋಧನೆ. ಸಮಿತಿಗೆ ಇದ್ದದ್ದನ್ನು ಇದ್ದಂತೆ ಬರೆದು ತಿಳಿಸಬೇಕು, ಆ ರೋಗಿಗಳಿಗೂ ತಿಳಿಸಬೇಕು. ಎರಡೂ ಸಂದರ್ಭಗಳಲ್ಲಿ ಸಮ್ಮತಿ ಪತ್ರದ ದಿನಾಂಕವನ್ನು ಮುಟ್ಟಲೇಬೇಡಿ. ತಡವಾದ ಪ್ರಬಂಧದಿಂದ ಚೇತರಿಸಿಕೊಳ್ಳಬಹುದು. ತಿದ್ದಿದ ದಿನಾಂಕ ಒಮ್ಮೆ ಸಿಕ್ಕಿಬಿದ್ದರೆ ನಿಮ್ಮ ಸಹಿಗೆ ಮುಂದೆ ಬೆಲೆಯಿರುವುದಿಲ್ಲ.

ವಿಶ್ಲೇಷಣೆಯನ್ನು ಕಂಪನಿಗೆ ಕೊಡಬೇಡಿ. ನಿಮ್ಮ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದಲ್ಲಿ ಸಂಖ್ಯಾಶಾಸ್ತ್ರ ಬಲ್ಲವರು ಇದ್ದೇ ಇರುತ್ತಾರೆ, ಅವರ ಬಳಿ ಹೋಗಿ. ಕಂಪನಿಯ ಜೊತೆ ಎರಡು ಪುಟದ ಒಪ್ಪಂದವಾದರೂ ಇರಲಿ: ಮಾಹಿತಿ ಸಂಸ್ಥೆಯದು, ಕರಡನ್ನು ಕಂಪನಿ ಒಂದು ತಿಂಗಳೊಳಗೆ ಓದಿ ಅಭಿಪ್ರಾಯ ಹೇಳಬಹುದು, ತಡೆಯುವಂತಿಲ್ಲ, ಫಲಿತಾಂಶ ಹೇಗೇ ಬಂದರೂ ಪ್ರಕಟವಾಗುತ್ತದೆ. ಇದಕ್ಕೆ ಸಹಿ ಹಾಕಲು ಕಂಪನಿ ಹಿಂಜರಿದರೆ ಯಂತ್ರಗಳನ್ನು ಹಿಂದಿರುಗಿಸಿ.

ಗೈಡ್ ಅವರ ಬಗ್ಗೆ ಎರಡು ಮಾತು. ಅವರು ನೈತಿಕ ಸಮಿತಿಯ ಸದಸ್ಯರಾಗಿದ್ದರೆ ನಿಮ್ಮ ಕಡತ ಚರ್ಚೆಗೆ ಬಂದಾಗ ಹೊರಗೆ ಹೋಗಬೇಕು, ಅದು ನಡಾವಳಿಯಲ್ಲಿ ದಾಖಲಾಗಬೇಕು. ಅದೇ ಕಂಪನಿಗೆ ಅವರು ಉಪನ್ಯಾಸ ಕೊಟ್ಟು ಗೌರವಧನ ಪಡೆದಿದ್ದರೆ ಅದನ್ನೂ ಬರೆಯಬೇಕು. ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿಯ ನಮೂನೆ ಹಿಂದಿನ 36 ತಿಂಗಳ ಸಂಬಂಧಗಳನ್ನು ಕೇಳುತ್ತದೆ, ಪ್ರತಿಯೊಬ್ಬ ಲೇಖಕರೂ ತುಂಬಬೇಕು. ಹಿತಾಸಕ್ತಿ ಎಂದರೆ ಹಣ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ (ಜೆಎನ್‌ಎಂಸಿ) ಸಂಶೋಧಕರು ಹೊರದೇಶದ ಸಹೋದ್ಯೋಗಿಗಳೊಡನೆ ಸೇರಿ ಹೆರಿಗೆಯ ನಂತರದ ರಕ್ತಸ್ರಾವ ಅಳೆಯುವ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ಕಣ್ಣಳತೆಯ ಅಂದಾಜು ಹಾಳೆಯ ಅಳತೆಗಿಂತ ಮೂರನೇ ಒಂದರಷ್ಟು ಕಡಿಮೆ ಬರುತ್ತದೆ ಎಂದು 2006ರಲ್ಲಿ ಪ್ರಕಟಿಸಿದರು. ಆ ಹಾಳೆಗೆ ಇಟ್ಟ ಬ್ರಾಸ್-ವಿ ಎಂಬ ಹೆಸರು ಅದನ್ನು ರೂಪಿಸಿದವರ ಹೆಸರುಗಳ ಮೊದಲ ಅಕ್ಷರಗಳಿಂದಲೇ ಬಂದದ್ದು. ಸಾಧನ ರೂಪಿಸಿದವರು ಯಾರು ಎಂಬುದನ್ನು ಇಷ್ಟು ಬಹಿರಂಗವಾಗಿ ಹೇಳಿಕೊಂಡದ್ದು ನನಗೆ ತುಂಬ ಹಿಡಿಸುತ್ತದೆ. ತಾನೇ ರೂಪಿಸಿದ ಸಾಧನವನ್ನು ತಾನೇ ಪರೀಕ್ಷಿಸುವವನ ಒಲವು ಎಲ್ಲಿರುತ್ತದೆ ಎಂಬುದನ್ನು ಓದುಗ ತಾನೇ ಲೆಕ್ಕ ಹಾಕಿಕೊಳ್ಳಲಿ. ಅಂಥ ಸರಳ ಅಳತೆಯ ಹಾಳೆಯೇ ಮುಂದೆ ಆಫ್ರಿಕಾದ ನಾಲ್ಕು ದೇಶಗಳ ದೊಡ್ಡ ಅಧ್ಯಯನದ ಕೇಂದ್ರವಾಯಿತು, ಗೇಟ್ಸ್ ಪ್ರತಿಷ್ಠಾನದ ಹಣ ಎಂದು 2023ರ ಆ ಲೇಖನದಲ್ಲಿಯೂ ಸ್ಪಷ್ಟವಾಗಿ ಬರೆದಿದೆ.

ರೋಗಿಯ ಮಾಹಿತಿ ಹಾಳೆಗೆ ಈ ಸಾಲುಗಳನ್ನು ಸೇರಿಸಿ, ಬೇಕಾದಂತೆ ಬದಲಿಸಿಕೊಳ್ಳಿ: 'ಈ ಅಧ್ಯಯನದಲ್ಲಿ ಬಳಸುವ ಯಂತ್ರ ಮತ್ತು ಅದರ ಸಾಮಾನುಗಳನ್ನು ಅದನ್ನು ತಯಾರಿಸುವ ಕಂಪನಿ ಆಸ್ಪತ್ರೆಗೆ ಉಚಿತವಾಗಿ ಕೊಟ್ಟಿದೆ. ಫಲಿತಾಂಶ ಚೆನ್ನಾಗಿ ಬಂದರೆ ಆ ಕಂಪನಿಗೆ ಲಾಭವಾಗಬಹುದು. ನಿಮ್ಮ ವೈದ್ಯರಿಗೆ ಇದಕ್ಕಾಗಿ ಕಂಪನಿಯಿಂದ ಹಣ ಬರುವುದಿಲ್ಲ. ಯಂತ್ರಕ್ಕೆ ನಿಮ್ಮಿಂದ ಹಣ ಪಡೆಯುವುದಿಲ್ಲ. ನೀವು ಒಪ್ಪದಿದ್ದರೂ, ನಡುವೆ ಬಿಟ್ಟರೂ, ನಿಮಗೆ ಸಿಗಬೇಕಾದ ಚಿಕಿತ್ಸೆ ಸಿಕ್ಕೇ ಸಿಗುತ್ತದೆ.' ಮೂರನೆಯ ವಾಕ್ಯ ನಿಜವಾಗಿದ್ದರೆ ಮಾತ್ರ ಉಳಿಸಿ. ಕನ್ನಡದ ಜೊತೆ ಮರಾಠಿ, ಉರ್ದು ಪ್ರತಿಗಳೂ ಇರಲಿ. ಹೆಬ್ಬೆಟ್ಟು ಒತ್ತುವವರಿಗೆ ಅಧ್ಯಯನಕ್ಕೆ ಸಂಬಂಧಿಸದ ಸಾಕ್ಷಿಯೊಬ್ಬರ ಮುಂದೆ ಗಟ್ಟಿಯಾಗಿ ಓದಿ ಹೇಳಿ. ಇದನ್ನು ಕೇಳಿದರೆ ರೋಗಿ ಹೆದರಿ ಹೋಗುತ್ತಾರೆ ಎನ್ನುವವರಿದ್ದಾರೆ. ಕೆಲವರು ಹೋಗಬಹುದು. ಹೋಗುವುದು ಅವರ ಹಕ್ಕು.

ಲೇಖನದ ಕೊನೆಯ ಸಾಲುಗಳು ಹೀಗಿರಲಿ: ಕಂಪನಿಯ ಪೂರ್ಣ ಹೆಸರು, ಉಚಿತವಾಗಿ ಕೊಟ್ಟ ಸಾಮಾನು ಮತ್ತು ಅದರ ಮೌಲ್ಯ, ಯೋಜನೆ ರೂಪಿಸುವುದರಲ್ಲಿ, ಮಾಹಿತಿ ಸಂಗ್ರಹದಲ್ಲಿ, ವಿಶ್ಲೇಷಣೆಯಲ್ಲಿ, ಬರವಣಿಗೆಯಲ್ಲಿ ಕಂಪನಿಯ ಪಾತ್ರ ಏನಿತ್ತು ಅಥವಾ ಇರಲಿಲ್ಲ ಎಂಬುದು, ಪ್ರತಿ ಲೇಖಕರ ಸಂಬಂಧಗಳು, ಸಮಿತಿಯ ಹೆಸರು, ಅನುಮತಿ ಸಂಖ್ಯೆ, ದಿನಾಂಕ, ಸಿಟಿಆರ್‌ಐ ಸಂಖ್ಯೆ, ಲಿಖಿತ ಸಮ್ಮತಿ ಪಡೆದ ವಿವರ.

ಈಗ ಮೊದಲು ಮಾಡಬೇಕಾದ್ದು ಹೊಸ ರೋಗಿಗಳಿಗೆ ಯಂತ್ರ ಹಾಕುವುದನ್ನು ನಿಲ್ಲಿಸುವುದು. ಈಗಾಗಲೇ ಹಾಕಿಸಿಕೊಂಡವರಿಗೆ ಅದರ ಅಗತ್ಯವಿದ್ದರೆ ಚಿಕಿತ್ಸೆ ಮುಂದುವರಿಯಲಿ. ಆಮೇಲೆ ಗೈಡ್ ಅವರೊಡನೆ ಕುಳಿತು ಸಮಿತಿಯ ಸದಸ್ಯ ಕಾರ್ಯದರ್ಶಿಗೆ ಒಂದು ಪತ್ರ ಬರೆಯಿರಿ: ಏನೇನು ಬಂತು, ಯಾವ ದಿನ ಬಂತು, ಯಾರಿಗೆ ಬಳಸಿದಿರಿ. ಗೈಡ್ ಅವರಿಗೆ 6.8ನೇ ಭಾಗದ ಪ್ರತಿಯನ್ನು ಕೊಡಿ. ವಾದ ಮಾಡುವುದಕ್ಕಿಂತ ಅದು ಸುಲಭ, ಅವರ ಗೌರವಕ್ಕೂ ಧಕ್ಕೆಯಿಲ್ಲ. ಅವರು ಸಹಿ ಹಾಕಲು ಒಪ್ಪದಿದ್ದರೂ ಪತ್ರವನ್ನು ನಿಮ್ಮ ಹೆಸರಿನಲ್ಲಿಯೇ ಕಳಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೊಳ್ಳಿ.